ಹಳೆಯ ಆಟೋಮ್ಯಾಟಿಕ್ ಕಾರಿನ ಮುನ್ಸೂಚನೆಗಳು

ಮನೆಯ ಹಿರಿಯರಿಗೆ ಮಂಡಿನೋವು ಕಾಣಿಸಿಕೊಂಡ ಮೇಲೆ ಕ್ಲಚ್ ತುಳಿಯುವ ಕಾರನ್ನು ಮಾರಿ ಆಟೋಮ್ಯಾಟಿಕ್ ಗೇರಿನ ಕಾರನ್ನು ಕೊಂಡ ಕುಟುಂಬಗಳು ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಗಳಲ್ಲಿ ಅನೇಕ. ಈ ಕಾರುಗಳು ಬಹು ದೂರ ಓಡಿದವುಗಳಲ್ಲ. ಬೆಳಿಗ್ಗೆ ಗಾಂಧಿಬಜಾರಿನಿಂದ ಹೂವು ಹಣ್ಣು ತರುವುದು, ತಿಂಗಳಿಗೊಮ್ಮೆ ವೈದ್ಯರಲ್ಲಿಗೆ ಹೋಗಿಬರುವುದು, ನೆಂಟರ ಮನೆಯ ಮದುವೆ, ಗೃಹಪ್ರವೇಶ, ಇಷ್ಟೇ ಅವುಗಳ ಸಂಚಾರ. ಆದ್ದರಿಂದಲೇ ‘ಹನ್ನೆರಡು ವರ್ಷವಾದರೂ ಐವತ್ತು ಸಾವಿರ ಕಿಲೋಮೀಟರು ದಾಟಿಲ್ಲ, ಹೊಸದರಂತೆಯೇ ಇದೆ’ ಎಂಬ ಸಮಾಧಾನದ ಮಾತು ಇಂಥ ಮನೆಗಳಲ್ಲಿ ಕೇಳಿಬರುತ್ತದೆ. ಎಂಜಿನ್ನಿನ ಮಟ್ಟಿಗೆ ಈ ಮಾತು ಸ್ವಲ್ಪ ಸಲ್ಲಬಹುದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಸಲ್ಲುವುದಿಲ್ಲ. ಅದರ ವಯಸ್ಸನ್ನು ಅಳೆಯಬೇಕಾದುದು ಓಡಿದ ದೂರದಿಂದಲ್ಲ, ಸಹಿಸಿದ ಶಾಖದಿಂದ ಮತ್ತು ಕಳೆದ ವರ್ಷಗಳಿಂದ.

ಇದೇಕೆ ಹೀಗೆ ಎಂಬುದನ್ನು ಅರಿಯಲು ಯಂತ್ರದ ಒಳಗನ್ನು ಕೊಂಚ ನೋಡಬೇಕು. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಟಾರ್ಕ್ ಕನ್ವರ್ಟರ್ ಎಂಬ ಭಾಗದಲ್ಲಿ ನಡೆಯುವುದೂ ಇದೇ. ಗಾಳಿಯ ಬದಲು ಅಲ್ಲಿ ಎಣ್ಣೆಯಿರುತ್ತದೆ. ಎಂಜಿನ್ನಿನ ಬಲ ಎಣ್ಣೆಯ ಮೂಲಕ ಗೇರುಗಳಿಗೆ ದಾಟುತ್ತದೆ. ಯಾವ ಗೇರು ಬೀಳಬೇಕೆಂಬುದನ್ನು ನಿರ್ವಹಿಸುವ ಬಿಲ್ಲೆಗಳನ್ನು ಬಿಗಿಹಿಡಿಯುವುದೂ ಆ ಎಣ್ಣೆಯ ಒತ್ತಡವೇ. ಕಾರು ನಿಂತು, ಆಮೆಯಂತೆ ತೆವಳಿ, ಮತ್ತೆ ನಿಲ್ಲುವಾಗ ಒಳಗಿನ ಎರಡು ಚಕ್ರಗಳ ವೇಗದಲ್ಲಿ ವ್ಯತ್ಯಾಸ ಹೆಚ್ಚು. ಆ ವ್ಯತ್ಯಾಸವೆಲ್ಲ ಶಾಖವಾಗಿ ಎಣ್ಣೆಗೆ ಸೇರುತ್ತದೆ. ಚಾಮರಾಜಪೇಟೆ 1892ರಲ್ಲಿಯೂ, ಬಸವನಗುಡಿ ಮತ್ತು ಮಲ್ಲೇಶ್ವರಂ 1898ರ ಪ್ಲೇಗಿನ ಹಿನ್ನೆಲೆಯಲ್ಲಿಯೂ ರೂಪುಗೊಂಡ ಬಡಾವಣೆಗಳು. ಜಟಕಾಗಾಡಿಗಳ ಕಾಲದ ಈ ಬೀದಿಗಳಲ್ಲಿ ಇಂದು ಎರಡು ಕಿಲೋಮೀಟರು ಸಾಗಲು ಅರ್ಧ ಗಂಟೆ ಹಿಡಿಯುವುದುಂಟು. ಕಿಲೋಮೀಟರಿನ ಅಂಕೆ ಎರಡೇ. ಗೇರ್‌ಬಾಕ್ಸು ಬೆಂದದ್ದು ಮಾತ್ರ ಅರ್ಧ ಗಂಟೆ. ಕಡಲೆಕಾಯಿ ಪರಿಷೆಯ ದಿನಗಳ ಬುಲ್ ಟೆಂಪಲ್ ರಸ್ತೆಯನ್ನಂತೂ ಹೇಳುವುದೇ ಬೇಡ.

ಹೀಗೆ ಬೆಂದ ಎಣ್ಣೆ ಕ್ರಮೇಣ ಸತ್ವ ಕಳೆದುಕೊಳ್ಳುತ್ತದೆ. ರಬ್ಬರಿನ ಸೀಲುಗಳು ವರ್ಷ ಕಳೆದಂತೆ ಗಡುಸಾಗಿ, ಒತ್ತಡವನ್ನು ಹಿಡಿದಿಡಲಾರವು. ಇದರ ಮೊದಲ ಸೂಚನೆ ಬಹುಮಟ್ಟಿಗೆ ಬೆಳಗಿನ ತಣ್ಣನೆಯ ಹೊತ್ತಿನಲ್ಲಿ, ಅದರಲ್ಲಿಯೂ ಹಿಮ್ಮುಖ ಗೇರಿನಲ್ಲಿ ಕಾಣುತ್ತದೆ. ಸುಸ್ಥಿತಿಯಲ್ಲಿರುವ ಕಾರಿನಲ್ಲಿ ಬ್ರೇಕ್ ತುಳಿದು ಗೇರಿನ ಹಿಡಿಯನ್ನು ‘ಆರ್’ಗೆ ಸರಿಸಿದರೆ ಸುಮಾರು ಒಂದು ಸೆಕೆಂಡಿನೊಳಗೆ ಗೇರು ಹಿಡಿದ ಮೃದುವಾದ ಅನುಭವ ಬರುತ್ತದೆ. ಅದು ಎರಡು, ಮೂರು ಸೆಕೆಂಡಿಗೆ ಬೆಳೆದರೆ ಒಳಗೆ ಒತ್ತಡ ಸಾಲದೆಂದು ತಿಳಿಯಬೇಕು.

ದಿನವೂ ಓಡಿಸುವವರಿಗೆ ಇದು ಗೊತ್ತಾಗುವುದೇ ಇಲ್ಲ ಎಂಬುದು ಇಲ್ಲಿನ ಸೋಜಿಗ. ತಡ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಬೆಳೆಯುತ್ತದೆ. ಕೈಕಾಲುಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಪರಊರಿನಿಂದ ಬಂದ ಮಗಳು ಪಕ್ಕದಲ್ಲಿ ಕುಳಿತಾಗ, “ಏನಪ್ಪಾಜಿ, ಗೇರು ಬೀಳೋದಕ್ಕೆ ಇಷ್ಟು ಹೊತ್ತೇ?” ಎಂದು ಕೇಳುತ್ತಾಳೆ. “ಮೊದಲಿನಿಂದಲೂ ಹಾಗೇ ಇದೆಯಲ್ಲಮ್ಮ” ಎಂಬುದು ಉತ್ತರ. ಮೊದಲಿನಿಂದ ಹಾಗಿರಲಿಲ್ಲ. ಇಂಥ ಪ್ರಶ್ನೆಯನ್ನು ಹಿರಿಯರು ತಮ್ಮ ಚಾಲನೆಯ ಮೇಲಿನ ಆಕ್ಷೇಪವೆಂದು ಭಾವಿಸದಿರಲಿ. ಹೊರಗಿನಿಂದ ಬಂದವರ ಕಿವಿಗೆ ಕೇಳಿಸುವುದು ಮನೆಯವರ ಕಿವಿಗೆ ಕೇಳಿಸದಿರುವುದು ಎಷ್ಟೋ ಸಂಗತಿಗಳಲ್ಲಿ ಉಂಟು.

ಈ ತಡ ಕೇವಲ ಖರ್ಚಿನ ವಿಷಯವಾಗಿದ್ದರೆ ಇಷ್ಟು ವಿಸ್ತರಿಸಬೇಕಿರಲಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಕಾರನ್ನು ಇಕ್ಕಟ್ಟಾದ ಗೇಟಿನಿಂದ ಹಿಮ್ಮುಖವಾಗಿಯೇ ಬೀದಿಗೆ ತರಬೇಕು. ಹಿಡಿ ‘ಆರ್’ನಲ್ಲಿದ್ದರೂ ಕಾರು ಕದಲಲಿಲ್ಲವೆಂದು ಚಾಲಕರು ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರನ್ನು ಅದುಮುತ್ತಾರೆ, ಎಂಜಿನ್ನು ಗೊರ್ರೆನ್ನುತ್ತದೆ, ಅದೇ ಕ್ಷಣಕ್ಕೆ ಗೇರು ಹಿಡಿದು ಕಾರು ಹಿಂದಕ್ಕೆ ಜಿಗಿಯುತ್ತದೆ. ಗೇಟು ತೆರೆಯಲು ನಿಂತವರು ಮನೆಯೊಡತಿಯೋ, ಮೊಮ್ಮಗುವೋ ಆಗಿರಬಹುದು. ಆದ್ದರಿಂದ ಗೇರು ತಡವಾಗುತ್ತಿರುವ ಕಾರಿನಲ್ಲಿ ಗೇರು ಹಿಡಿದದ್ದು ಖಚಿತವಾಗುವವರೆಗೂ ಕಾಲು ಬ್ರೇಕಿನ ಮೇಲೆಯೇ ಇರತಕ್ಕದ್ದು, ಕಾರಿನ ಹಿಂದೆ ಯಾರೂ ನಿಲ್ಲಕೂಡದು. ರಿಪೇರಿಯಾಗುವವರೆಗೆ ಈ ನಿಯಮವನ್ನು ಮನೆಮಂದಿಯೆಲ್ಲ ಪಾಲಿಸಲೇಬೇಕು.

ಎರಡನೆಯ ಸೂಚನೆ ಜಾರುವಿಕೆ. ಸಿರ್ಸಿ ವೃತ್ತದ ಬಳಿಯ ಮೇಲ್ಸೇತುವೆಯನ್ನು ಏರುವಾಗಲೋ, ದೊಡ್ಡ ಬಸವಣ್ಣನ ಗುಡಿಯ ಸುತ್ತಲಿನ ಏರಿನಲ್ಲೋ ಎಂಜಿನ್ನಿನ ದನಿ ಏರಿ, ಆರ್‌ಪಿಎಂ ಮುಳ್ಳು ಮೇಲಕ್ಕೆ ಹೋಗಿ, ವೇಗ ಮಾತ್ರ ಇದ್ದಲ್ಲಿಯೇ ಇದ್ದರೆ ಬಿಲ್ಲೆಗಳು ಕಚ್ಚದೆ ಜಾರುತ್ತಿವೆ ಎಂದರ್ಥ. ಪ್ರತಿ ಜಾರುವಿಕೆಯೂ ಬಿಲ್ಲೆಯ ಮೇಲ್ಪದರವನ್ನು ಸುಡುತ್ತದೆ. ಈ ಹಂತದಲ್ಲಿ ‘ಹಬ್ಬ ಕಳೆಯಲಿ, ನೋಡೋಣ’ ಎನ್ನುವುದು ದುಬಾರಿಯ ಮಾತು. ಇನ್ನು ನಲವತ್ತು, ಅರವತ್ತರ ಸಮವೇಗದಲ್ಲಿ ಹೋಗುವಾಗ ಸಣ್ಣ ಉಬ್ಬುಗಳ ಸಾಲಿನ ಮೇಲೆ ಹೋದಂತೆ ಕಾರು ನಡುಗಿ, ತಾನಾಗಿ ನಿಲ್ಲುವುದುಂಟು. ಇದನ್ನು ಎಂಜಿನ್ನಿನ ದೋಷವೆಂದು ತಿಳಿದು ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸುವವರಿದ್ದಾರೆ. ಎಷ್ಟೋ ವೇಳೆ ಹಳಸಿದ ಎಣ್ಣೆಯೇ ಕಾರಣವಾಗಿದ್ದು, ಹೊಸ ಎಣ್ಣೆಯಿಂದ ಗುಣವಾಗುತ್ತದೆ.

ಎಣ್ಣೆಯ ಪರೀಕ್ಷೆ ಕಠಿಣವಲ್ಲ. ಸಾಮಾನ್ಯವಾಗಿ ಹೊಸ ಎಣ್ಣೆ ಕೆಂಪಾಗಿ, ತಿಳಿಯಾಗಿರುತ್ತದೆ. ಕಂದುಬಣ್ಣಕ್ಕೆ ತಿರುಗಿ ಸೀದ ವಾಸನೆ ಬಂದರೆ ಅದು ಬೆಂದುಹೋಗಿದೆ. ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ರೇಡಿಯೇಟರಿನ ನೀರು ಅದರೊಳಗೆ ಬೆರೆತಿದೆ. ಅಂಥ ಕಾರನ್ನು ಮುಂದಿನ ಬೀದಿಗೂ ಓಡಿಸಬಾರದು. ಡಿಪ್‌ಸ್ಟಿಕ್ ಇರುವ ಕಾರುಗಳಲ್ಲಿ ಕೆಲವಕ್ಕೆ ಎಂಜಿನ್ನು ಚಾಲೂ ಇರುವಾಗ, ಕೆಲವಕ್ಕೆ ಆರಿಸಿದೊಡನೆ ನೋಡಬೇಕಾಗುತ್ತದೆ. ಕೈಪಿಡಿಯಲ್ಲಿ ಹೇಳಿದಂತೆ ಮಾಡುವುದು ಲೇಸು. ಅನೇಕ ಹೊಸ ಮಾದರಿಗಳಲ್ಲಿ ಆ ಕಡ್ಡಿಯೇ ಇರುವುದಿಲ್ಲ. ಆಗ ಮನೆಯಲ್ಲಿ ಮಾಡಬಹುದಾದ ಕೆಲಸವೆಂದರೆ ರಾತ್ರಿ ಕಾರಿನ ಕೆಳಗೆ ಹಳೆಯ ಪತ್ರಿಕೆಯ ನಾಲ್ಕು ಹಾಳೆ ಹಾಸಿಡುವುದು. ಧೂಳು ತುಂಬಿದ ಚಪ್ಪಡಿಯ ಮೇಲೆ ಕಾಣದ ಹನಿ ಕಾಗದದ ಮೇಲೆ ಕಾಣುತ್ತದೆ. ಬರಿಯ ನೀರಾದರೆ ಅದು ಏಸಿಯದು, ಚಿಂತೆಯಿಲ್ಲ. ಜಿಡ್ಡಾದ ಕೆಂಪು ಅಥವಾ ಕೆಂಗಂದು ಹನಿಯಾದರೆ ಗೇರ್‌ಬಾಕ್ಸಿನ ಎಣ್ಣೆಯಿರಬಹುದು. ಆ ಹಾಳೆಯನ್ನೇ ಮಡಚಿ ಮೆಕ್ಯಾನಿಕ್ಕಿಗೆ ತೋರಿಸಿ. ವರ್ಣನೆಗಿಂತ ಅದು ಮೇಲು.

ಆಟೋಮ್ಯಾಟಿಕ್ ಎಂದು ಕರೆಸಿಕೊಳ್ಳುವುದೆಲ್ಲ ಒಂದೇ ಬಗೆಯದಲ್ಲ. ಕೈನೆಟಿಕ್ ಹೋಂಡಾ ಸ್ಕೂಟರನ್ನು ಓಡಿಸಿದ ತಲೆಮಾರಿಗೆ ಗೇರಿಲ್ಲದೆ ಬೆಲ್ಟಿನಿಂದ ಸಾಗುವ ವಿಧಾನ ಪರಿಚಿತವಾದದ್ದೇ. ಕಾರಿನ ಸಿವಿಟಿ ಅದರ ದೂರದ ಬಂಧು. ಆದರೆ ಅದರೊಳಗಿನ ಉಕ್ಕಿನ ಬೆಲ್ಟು ತನಗಾಗಿಯೇ ತಯಾರಿಸಿದ ಎಣ್ಣೆಯನ್ನು ಬಿಟ್ಟು ಬೇರೆಯದನ್ನು ಸಹಿಸದು. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮ ದೇಶದಲ್ಲಿ ಬಳಕೆಗೆ ಬಂದ ಎಎಂಟಿ ಮತ್ತೊಂದು ಬಗೆ. ಅಂದು ಕೊಂಡ ಕಾರುಗಳಿಗೆ ಹತ್ತು ವರ್ಷ ದಾಟಿದೆ. ಅದರಲ್ಲಿರುವುದು ಸಾಮಾನ್ಯ ಗೇರ್‌ಬಾಕ್ಸು, ಸಾಮಾನ್ಯ ಕ್ಲಚ್ಚು. ನಮ್ಮ ಕಾಲು ಮಾಡುತ್ತಿದ್ದ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೆ. ಆದ್ದರಿಂದ ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಿಂದಲೇ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಕ್ಲಚ್ಚನ್ನು ಬಹುಬೇಗ ಸವೆಸುತ್ತದೆ. ಸುಟ್ಟ ವಾಸನೆ, ಹೊರಡುವಾಗಿನ ಅದುರುವಿಕೆ, ಗೇರು ತಾನಾಗಿ ನ್ಯೂಟ್ರಲ್ಲಿಗೆ ಬರುವುದು ಇದರ ಸೂಚನೆಗಳು.

ಹಾಗೆಂದು ಪ್ರತಿಯೊಂದು ಜಗ್ಗಾಟಕ್ಕೂ ಗೇರ್‌ಬಾಕ್ಸನ್ನೇ ದೂರಬೇಕಿಲ್ಲ. ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಬಳಲಿದ್ದರೂ, ಎಂಜಿನ್ನನ್ನು ಹೊತ್ತ ರಬ್ಬರಿನ ಮೌಂಟಿಂಗು ಹರಿದಿದ್ದರೂ ಇಂಥದೇ ಲಕ್ಷಣಗಳು ತೋರುತ್ತವೆ. ಇವು ಕಡಿಮೆ ಖರ್ಚಿನವು. ಮೊದಲು ಇವನ್ನು ನೋಡಿಸಿ, ಬಳಿಕ ಸ್ಕ್ಯಾನರ್ ಜೋಡಿಸಿ ದೋಷದ ಸಂಕೇತಗಳನ್ನು ಓದಿಸಬೇಕು. ಇವೆರಡೂ ಆಗದೆಯೇ ‘ಗೇರ್‌ಬಾಕ್ಸ್ ಇಳಿಸಿಬಿಡೋಣ ಸಾರ್’ ಎನ್ನುವ ಗ್ಯಾರೇಜಿನಿಂದ ಕಾರನ್ನು ಹಿಂದಕ್ಕೆ ತರುವುದೇ ಕ್ಷೇಮ. ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಯಾವ ವೇಗದಲ್ಲಿ, ಏರಿನಲ್ಲೋ ಸಮತಟ್ಟಿನಲ್ಲೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಬಲ್ಲ ಮೆಕ್ಯಾನಿಕ್ಕಿನ ಅರ್ಧ ಕೆಲಸ ಮುಗಿದಂತೆ.

ಎಣ್ಣೆ ಬದಲಾಯಿಸುವ ವಿಷಯದಲ್ಲಿ ಎರಡು ಮಾತು. ಕೈಪಿಡಿಯಲ್ಲಿ ನಮೂದಿಸಿದ ಸಂಕೇತದ ಎಣ್ಣೆಯನ್ನೇ ಕೇಳಿ ಪಡೆಯಬೇಕು. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗದ ವಸ್ತುವಿಲ್ಲ. ಆದರೆ ‘ಎಲ್ಲದಕ್ಕೂ ಆಗುತ್ತೆ’ ಎಂಬ ಡಬ್ಬಿ ನಮಗೆ ಬೇಡ. ಎಣ್ಣೆ ಬದಲಿಸಿದರೆ ಇದ್ದ ಗೇರ್‌ಬಾಕ್ಸೂ ಕೆಡುತ್ತದೆಂಬ ಭಯವನ್ನೂ ಕೆಲವರು ಹರಡುತ್ತಾರೆ. ಆಗಲೇ ಸುಟ್ಟುಹೋದ ಬಿಲ್ಲೆಗಳನ್ನು ಹೊಸ ಎಣ್ಣೆ ಬದುಕಿಸಲಾರದು, ಆ ಸೋಲಿನ ಅಪವಾದ ಎಣ್ಣೆಗೆ ಬರುತ್ತದೆ. ಬಹಳ ವರ್ಷ ಬದಲಿಸದ ಕಾರಾದರೆ ಯಂತ್ರದ ಒತ್ತಡದಿಂದ ತೊಳೆಸುವುದಕ್ಕಿಂತ, ಹಳೆಯದನ್ನು ಹರಿಯಬಿಟ್ಟು ಹೊಸದನ್ನು ತುಂಬಿ, ಕೆಲವು ವಾರಗಳ ನಂತರ ಮತ್ತೊಮ್ಮೆ ಹಾಗೆಯೇ ಮಾಡುವುದನ್ನು ನಾನು ಮೆಚ್ಚುತ್ತೇನೆ.

ನೋಂದಣಿಗೆ ಹದಿನೈದು ವರ್ಷ ತುಂಬುತ್ತ ಬಂದ ಕಾರಾದರೆ ಲೆಕ್ಕಾಚಾರ ಬೇರೆ. ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ ಕಟ್ಟಿಸುವ ವೆಚ್ಚ ಅಂಥ ಕಾರಿನ ಮಾರುಕಟ್ಟೆಯ ಬೆಲೆಯನ್ನೇ ಮೀರುವುದುಂಟು. ಆರ್.ಸಿ. ನವೀಕರಣಕ್ಕೆ ಹಣ ಕಟ್ಟುವ ಮುನ್ನವೇ ಗೇರ್‌ಬಾಕ್ಸನ್ನು ಪರೀಕ್ಷಿಸಿ, ಇಟ್ಟುಕೊಳ್ಳುವುದೋ ಮಾರುವುದೋ ಎಂಬುದನ್ನು ಮನೆಯವರೆಲ್ಲ ಕೂಡಿ ನಿರ್ಧರಿಸುವುದು ಒಳ್ಳೆಯದು.

ಕೊನೆಗೆ, ಕಾರು ನಡುಬೀದಿಯಲ್ಲಿ ನಿಂತುಬಿಟ್ಟರೆ ಏನು ಮಾಡಬೇಕೆಂಬುದು. ಟಾರ್ಕ್ ಕನ್ವರ್ಟರಿನ ಕಾರನ್ನು ತಳ್ಳಿ ಸ್ಟಾರ್ಟ್ ಮಾಡುವುದು ಸಾಧ್ಯವಿಲ್ಲ. ಬೀದಿಯ ಹುಡುಗರು ಎಷ್ಟೇ ಉತ್ಸಾಹದಿಂದ ಬಂದರೂ ಅವರಿಂದ ಪಕ್ಕಕ್ಕೆ ಸರಿಸಿಕೊಂಡರೆ ಸಾಕು. ಹಗ್ಗ ಕಟ್ಟಿ ದೂರ ಎಳೆಸಬಾರದು. ಎಂಜಿನ್ನು ನಿಂತಾಗ ಎಣ್ಣೆಯ ಪಂಪೂ ನಿಲ್ಲುವುದರಿಂದ, ಚಕ್ರಗಳು ಉರುಳಿದಷ್ಟೂ ಒಳಭಾಗಗಳು ಒಣಗಿ ಸವೆಯುತ್ತವೆ. ಇಡೀ ಕಾರನ್ನು ಹೊತ್ತೊಯ್ಯುವ ಗಾಡಿಯನ್ನೇ ಕರೆಸಬೇಕು. ವಿಮೆಯ ಪಾಲಿಸಿಯಲ್ಲಿ ಈ ಸೌಲಭ್ಯ ಸೇರಿದೆಯೇ ಎಂಬುದನ್ನು ಇಂದೇ ನೋಡಿ, ಸೇರಿದ್ದರೆ ಆ ದೂರವಾಣಿ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಕಾರಿನ ಪೆಟ್ಟಿಗೆಯಲ್ಲಿಡಿ.