ಕ್ಯಾಂಪಿನವರು

ಕಂಪ್ಲಿಯಿಂದ ತುಂಗಭದ್ರಾ ಹೊಳೆ ದಾಟಿ ಗಂಗಾವತಿ ಸೀಮೆಗೆ ಹೊಕ್ಕರೆ, ಹೆಸರಿನ ಕೊನೆಗೆ ‘ಕ್ಯಾಂಪು’ ಅಂಟಿಸಿಕೊಂಡ ಊರುಗಳು ಒಂದರ ಹಿಂದೆ ಒಂದು ಸಿಗುತ್ತವೆ. ಕ್ಯಾಂಪು ಅಂದರೆ ಇವತ್ತು ಹೂಡಿ ನಾಳೆ ಕೀಳುವ ಬೀಡು. ಇಲ್ಲಿ ಹೂಡಿದವರು ಕೀಳಲೇ ಇಲ್ಲ. ಮೊಮ್ಮಕ್ಕಳು ಕನ್ನಡ ಶಾಲೆ ಕಲಿತು ಮುಗಿಸಿದರೂ ಅವರು ಊರವರ ಬಾಯಲ್ಲಿ ‘ಕ್ಯಾಂಪಿನವರು’. ಹಾಗಾದರೆ ವಲಸೆ ಬಂದ ರೈತ ಊರಿನವನಾಗುವುದು ಯಾವಾಗ?

ಹೊಸಪೇಟೆಯ ಪಕ್ಕ 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಿಂದ 1953ರ ಜುಲೈನಲ್ಲಿ ಕಾಲುವೆಗೆ ನೀರು ಬಿತ್ತು. ಕೃಷ್ಣಾ, ಗೋದಾವರಿ ಬಯಲಿನ ತೆಲುಗು ರೈತರು ಅಲ್ಲಿ ಒಂದೆರಡು ಎಕರೆ ಮಾರಿ ಇಲ್ಲಿ ಹಲವು ಎಕರೆ ಎರೆಭೂಮಿ ಕೊಂಡರು. ಮಳೆ ನಂಬಿ ಜೋಳ, ಹತ್ತಿ ಬೆಳೆದ ಇಲ್ಲಿಯವನಿಗೆ ಹೊಲ ಮಟ್ಟ ಮಾಡಿಸಿ ಗದ್ದೆ ಕಟ್ಟುವ ದುಡ್ಡೂ ಇರಲಿಲ್ಲ, ರೂಢಿಯೂ ಇರಲಿಲ್ಲ. ಕೊಟ್ಟುಬಿಟ್ಟ. ಕಂಪ್ಲಿ ಮದ್ರಾಸು ಬಿಟ್ಟು ಮೈಸೂರು ಸೇರಿದ್ದು ಅದೇ 1953ರ ಅಕ್ಟೋಬರಿನಲ್ಲಿ. ಹೊಳೆಯಾಚೆಯ ಗಂಗಾವತಿ ಹೈದರಾಬಾದಿನಿಂದ ಬಂದದ್ದು 1956ರಲ್ಲಿ. ಜನಕ್ಕಿಂತ ತಡವಾಗಿ ಗಡಿಯೇ ವಲಸೆ ಬಂತು ಅನ್ನಬೇಕು.

ಇಂಥ ಒಬ್ಬ ರೈತನ ಬಾಳು ಹುಡುಕಲು ಹೊರಟವನ ಕೈಗೆ ಮೊದಲು ಸಿಗುವುದು ಪಹಣಿ. ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಕಬ್ಜೆದಾರನ ಹೆಸರು. ಹೊಲ ಮಟ್ಟ ಮಾಡಿದ ಎತ್ತುಗಳು ಅದರಲ್ಲಿಲ್ಲ. ಮಾರಿದವನಿಗೆ ಆ ವರ್ಷ ಮಗಳ ಮದುವೆಯಿತ್ತೋ ಸಾಲವಿತ್ತೋ, ಅದೂ ಇಲ್ಲ.

ಬಂದವರೆಲ್ಲ ಒಂದೇ ಹೆಸರಿನಿಂದ ಕರೆಸಿಕೊಳ್ಳುವುದಿಲ್ಲ ಎಂಬುದನ್ನು ಗಮನಿಸಬೇಕು. ಸಂಡೂರನ್ನು 1949ರವರೆಗೆ ಆಳಿದ ಘೋರ್ಪಡೆಯವರು ಮರಾಠಿ ಮನೆತನ; ಅವರನ್ನು ಯಾರೂ ಕ್ಯಾಂಪಿನವರು ಅನ್ನಲಿಲ್ಲ. ಅಣೆಕಟ್ಟಿನ ಹಿನ್ನೀರಿನಲ್ಲಿ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆನಿಂತರು, ಅವರು ಮುಳುಗಡೆಯವರು. ಅರಸನಿಗೆ ಒಂದು ಮಾತು, ನೊಂದವನಿಗೆ ಒಂದು, ದುಡ್ಡು ಕೊಟ್ಟು ಕೊಂಡವನಿಗೆ ಇನ್ನೊಂದು. ಈ ತಾರತಮ್ಯ ನನಗೆ ಪೂರ್ತಿ ಅನ್ಯಾಯವೆಂದೇನೂ ತೋರುವುದಿಲ್ಲ. ಕೊಂಡವನ ಮೇಲಿನ ಅಸಮಾಧಾನಕ್ಕೆ ಬೇರೊಂದು ಬೇರಿದೆ, ಅದು ನೀರು.

ಯೋಜನೆಯ ಲೆಕ್ಕದಲ್ಲಿ ಭತ್ತಕ್ಕೆ ಸಿಕ್ಕದ್ದು ಸಣ್ಣ ಪಾಲು. ಬರದ ನಾಡಿನ ಆದಷ್ಟು ಹೊಲಕ್ಕೆ ತೆಳುವಾಗಿ ನೀರು ಹಂಚಿ ಜೋಳ, ಹತ್ತಿ, ಶೇಂಗಾ ಉಳಿಸುವುದು ಎಂಜಿನಿಯರುಗಳ ಎಣಿಕೆ. ಡೆಲ್ಟಾದಿಂದ ಬಂದವನ ಕೈಗೆ ಗೊತ್ತಿದ್ದದ್ದು ಭತ್ತ. ಕಾಲುವೆಯ ತಲೆಭಾಗದಲ್ಲಿ ಅದನ್ನೇ ನಾಟಿ ಮಾಡಿದ. ಗಂಗಾವತಿ ‘ಭತ್ತದ ಕಣಜ’ವಾಯಿತು, ಎಡದಂಡೆ ಕಾಲುವೆಯ ಕೊನೆಯ ಮಾನ್ವಿ, ರಾಯಚೂರು ಕಡೆಯವರು ನೀರಿಗಾಗಿ ರಸ್ತೆಗಿಳಿದರು. ತಪ್ಪು ವಲಸಿಗನದು ಎಂದು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ. ಆ ಭತ್ತ ನೋಡಿ ಮೂಲದವರೂ ಗದ್ದೆ ಕಟ್ಟಿದರು, ಅನಧಿಕೃತ ಪೈಪು ಎರಡೂ ಕಡೆಯವರು ಇಳಿಸಿದರು. ಒಣ ತೂಬಿನ ಮುಂದೆ ನಿಂತವನಿಗೆ ಮೇಲೆ ನೀರು ಕಟ್ಟಿಕೊಂಡವನ ಮನೆಮಾತು ಯಾವುದಾದರೇನು? ಆದ್ದರಿಂದ ಭಾಷೆಯನ್ನೋ ಪಹಣಿಯ ವರ್ಷಗಳನ್ನೋ ಎಣಿಸುವುದಕ್ಕಿಂತ, ಕೆಳಗಿನ ತೂಬಿಗೆ ನೀರು ಬಿಟ್ಟನೇ ಎಂದು ಕೇಳುವುದು ನ್ಯಾಯ. ಈ ಪ್ರಶ್ನೆಯನ್ನು ಹುಟ್ಟಿದೂರಿನವನಿಗೂ ಕೇಳಬೇಕಾಗುತ್ತದೆ, ಅದೇ ತೊಡಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ತುಂಬಿದ ಜಲಾಶಯದ ನೀರು ಹೊಳೆಗೆ ನುಗ್ಗಿತು. ಒಂದು ವಾರದಲ್ಲಿ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ಅದನ್ನು ತಡೆದರು. ಆ ವಾರವಿಡೀ ಕ್ಯಾಂಪಿನಲ್ಲೂ ಊರಿನಲ್ಲೂ ಲೆಕ್ಕ ಒಂದೇ ಇತ್ತು: ಉಳಿದ ಟಿಎಂಸಿ ಎಷ್ಟು, ಎರಡನೇ ಬೆಳೆಗೆ ಸಾಲುತ್ತದೋ ಇಲ್ಲವೋ.