ಕೀ ಕೊಡುವ ವಾಚಿನ ಬೆಲೆ

ವಸ್ತುವೊಂದು ಅದಕ್ಕೆ ತೆತ್ತ ಹಣಕ್ಕೆ ತಕ್ಕುದೇ ಎಂದು ತೀರ್ಮಾನಿಸುವ ಮೊದಲು, ಆ ಹಣ ಯಾವ ಯಾವ ಬಾಬ್ತಿಗೆ ಸಂದಿದೆ ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ಒಡವೆ ಕೊಳ್ಳಲು ಹೋಗುವ ಹೆಣ್ಣುಮಕ್ಕಳಿಗೆ ಈ ವಿದ್ಯೆ ಹೊಸದೇನಲ್ಲ: ಚಿನ್ನದ ತೂಕಕ್ಕೆ ಇಷ್ಟು, ಮಜೂರಿಗೆ ಇಷ್ಟು, ವೇಸ್ಟೇಜಿಗೆ ಇಷ್ಟು ಎಂದು ಚೀಟಿಯಲ್ಲಿ ಬರೆಸಿಕೊಂಡು, ಮಜೂರಿ ಅತಿಯಾಯಿತೆನಿಸಿದರೆ ಎದ್ದು ಪಕ್ಕದ ಅಂಗಡಿಗೆ ನಡೆಯುತ್ತಾರೆ, ಕಷ್ಟಕಾಲದಲ್ಲಿ ಒಡವೆಯನ್ನು ಅಡವಿಡಲು ಬ್ಯಾಂಕಿಗೆ ಒಯ್ದಾಗ ತೂಕಕ್ಕಷ್ಟೇ ಸಾಲ ಹುಟ್ಟುತ್ತದೆ ಎಂಬುದು ಅವರಿಗೆ ಗೊತ್ತು. ಹಲವು ಲಕ್ಷ ರೂಪಾಯಿ ಬೆಲೆಯ ಯಾಂತ್ರಿಕ ವಾಚನ್ನು, ಎಂದರೆ ಸೆಲ್ ಇಲ್ಲದೆ ಸ್ಪ್ರಿಂಗಿನ ಬಲವೊಂದರಿಂದಲೇ ನಡೆಯುವ ಕೈಗಡಿಯಾರವನ್ನು, ಇದೇ ತಕ್ಕಡಿಯಲ್ಲಿಟ್ಟರೆ ಅದರ ಉಕ್ಕಿನ ತೂಕಕ್ಕೆ ಸಿಗುವ ಬೆಲೆ ಹೇಳಿಕೊಳ್ಳುವಷ್ಟಿರುವುದಿಲ್ಲ. ಅದರಲ್ಲಿ ಇರುವುದು ಒಂದಿಷ್ಟು ಮಜೂರಿ ಮತ್ತು ಬಹಳಷ್ಟು ಹೆಸರು. ಆದಕಾರಣ ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡು: ಆ ಮಜೂರಿ ಎಂಥದು, ಮತ್ತು ಆ ಹೆಸರಿನಿಂದ ಕೊಂಡವನಿಗೆ ಏನು ದಕ್ಕುತ್ತದೆ?

ಮಜೂರಿಯನ್ನು ಮೊದಲು ನೋಡುವುದು ನ್ಯಾಯ, ಏಕೆಂದರೆ ಈ ವಾಚುಗಳನ್ನು ಹಳಿಯುವವರು ಸಾಮಾನ್ಯವಾಗಿ ಅದನ್ನು ನೋಡದೆಯೇ ಹಳಿಯುತ್ತಾರೆ. ಪಕ್ಕದ ತಿರುಪನ್ನು ತಿರುಗಿಸಿ ವಾಚಿಗೆ ಕೀ ಕೊಟ್ಟಾಗ ಒಳಗಿನ ಪುಟ್ಟ ಡಬ್ಬಿಯೊಂದರಲ್ಲಿ ಉಕ್ಕಿನ ಪಟ್ಟಿ ಸುರುಳಿಯಾಗಿ ಬಿಗಿದುಕೊಳ್ಳುತ್ತದೆ. ಬಿಚ್ಚಿಕೊಳ್ಳಲು ಹವಣಿಸುವ ಆ ಸುರುಳಿಯ ಬಲ ಹಲ್ಲುಚಕ್ರಗಳ ಸಾಲನ್ನು ದಾಟಿ ಕಡೆಯ ಚಕ್ರವನ್ನು ತಲುಪುತ್ತದೆ. ಅಲ್ಲಿ ತಡೆಯಿಲ್ಲದಿದ್ದರೆ ಮುಳ್ಳುಗಳು ಗಿರ್ರನೆ ಸುತ್ತಿ ಕೀ ಅಷ್ಟನ್ನೂ ಕ್ಷಣಗಳಲ್ಲಿ ಮುಗಿಸಿಬಿಡುತ್ತಿದ್ದವು. ಹಾಗಾಗದಂತೆ, ಕೂದಲೆಳೆಯಂಥ ಇನ್ನೊಂದು ಸುರುಳಿಯ ಹಿಡಿತದಲ್ಲಿ ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗುತ್ತಿರುವ, ರಿಪೇರಿಯವರು ಬ್ಯಾಲೆನ್ಸ್ ಎಂದು ಕರೆಯುವ ಚಕ್ರವೊಂದು ಪ್ರತಿ ತೂಗಿಗೂ ಆ ಕಡೆಯ ಚಕ್ರವನ್ನು ಒಂದಿಷ್ಟು ಮಾತ್ರ ಜರುಗಲು ಬಿಟ್ಟು ಮತ್ತೆ ತಡೆದು ನಿಲ್ಲಿಸುತ್ತದೆ. ಕಿವಿಗೆ ಕೇಳುವ ಟಿಕ್ ಟಿಕ್ ಸದ್ದು ಈ ತಡೆಯದು. ಎಚ್‌ಎಂಟಿಯ 'ಜನತಾ' ವಾಚಿನಲ್ಲಿ ಈ ಸದ್ದು ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ 5ರಂತೆ ದಿನಕ್ಕೆ 4,32,000 ಬಾರಿ ಆಗುತ್ತದೆ. ಅದರ ಮುಖದ ಮೇಲೆ ಬರೆದಿರುವ '17 ಜ್ಯುವೆಲ್ಸ್' ಎಂಬುದನ್ನು ಓದಿ ನವರತ್ನಗಳನ್ನು ನೆನೆಯಬೇಕಾಗಿಲ್ಲ; ಸದಾ ಉಜ್ಜುವ ಕಡೆಗಳಲ್ಲಿ ಲೋಹ ಸವೆಯದಿರಲೆಂದು ಕೂರಿಸಿದ, ಕಾರ್ಖಾನೆಯಲ್ಲೇ ತಯಾರಾದ ಕೆಂಪು ಹರಳುಗಳವು. ಇಷ್ಟನ್ನೂ ಎಂಟಾಣೆ ನಾಣ್ಯಕ್ಕಿಂತ ತುಸು ಹೆಚ್ಚಿನ ಅಗಲದಲ್ಲಿ ಅಡಗಿಸಿ, ದಿನಕ್ಕೆ ಅರ್ಧ ನಿಮಿಷವೂ ತಪ್ಪದಂತೆ ನಡೆಸುವುದು ದೊಡ್ಡ ಕಸುಬು ಎಂಬುದರಲ್ಲಿ ತಕರಾರಿಗೆ ಎಡೆಯಿಲ್ಲ.

ತಕರಾರು ಇರುವುದು ಆ ಕಸುಬಿನ ಬೆಲೆಯ ಬಗ್ಗೆ, ಮತ್ತು ಇಲ್ಲಿ ಕರ್ನಾಟಕದ ಅನುಭವವೇ ಅಳತೆಗೋಲಾಗಬಲ್ಲದು. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳ ತಯಾರಿಕೆಗೆಂದು ಆರಂಭವಾದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚುಗಳ ತಯಾರಿಕೆಗೂ ಇಳಿಯಿತು. 1978ರ ಹೊತ್ತಿಗೆ ತುಮಕೂರಿನಲ್ಲೂ ಅದರ ಕಾರ್ಖಾನೆ ಬಂತು. ಮೇಷ್ಟರು, ಗುಮಾಸ್ತರು, ಬಸ್ ಕಂಡಕ್ಟರುಗಳು ಸಂಬಳದಲ್ಲಿ ಉಳಿಸಿ ಕೊಳ್ಳಬಹುದಾಗಿದ್ದ ಜನತಾ, ಪೈಲಟ್, ಸೋನಾ ಮುಂತಾದ ವಾಚುಗಳ ಒಳಗಿದ್ದ ತತ್ತ್ವ ಜಿನೀವಾದ ಲಕ್ಷಾಂತರ ರೂಪಾಯಿಯ ವಾಚುಗಳಲ್ಲಿರುವುದೇ. ಹಳೆ ಮೈಸೂರು ಸೀಮೆಯಲ್ಲಿ ವರನಿಗೆ ವಾಚು, ಉಂಗುರ, ಸೂಟು ಕೊಡುವ ರೂಢಿಯೂ ಈ ವಾಚುಗಳೊಂದಿಗೆ ಬಲವಾಯಿತು. ಎಚ್‌ಎಂಟಿ ವಾಚು ಹುಟ್ಟಿದ 1961ರಲ್ಲೇ ವರದಕ್ಷಿಣೆ ನಿಷೇಧ ಕಾಯಿದೆಯೂ ಜಾರಿಗೆ ಬಂದಿತೆಂಬುದನ್ನು ಮದುವೆ ಮಾತುಕತೆಯಲ್ಲಿ ಯಾರೂ ನೆನೆದಂತೆ ಕಾಣುವುದಿಲ್ಲ.

ಹಾಗಿದ್ದರೆ ಜನತಾ ವಾಚಿನ ಬೆಲೆಯ ನೂರು ಪಟ್ಟು, ಸಾವಿರ ಪಟ್ಟು ಹಣ ಕೊಟ್ಟಾಗ ಹೆಚ್ಚಿಗೆ ಬರುವುದೇನು? ಒಂದಿಷ್ಟು ನಿಜವಾಗಿಯೂ ಬರುತ್ತದೆ: ಒಳಗಿನ ಪಟ್ಟಿಗಳ ಅಂಚುಗಳನ್ನು ಕೈಯಿಂದ ಉಜ್ಜಿ ಕನ್ನಡಿಯಂತೆ ಮಾಡಿರುತ್ತಾರೆ, ಕಾಂತ ಹತ್ತಿದರೂ ಕೆಡದ ಸುರುಳಿ ಇರುತ್ತದೆ, ನೀರು ಒಳಹೋಗುವುದಿಲ್ಲ. ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ 'ಕ್ರೋನೋಮೀಟರ್' ಎಂಬ ಬಿರುದು ಪಡೆಯುವ ವಾಚು ಸರಾಸರಿ ದಿನಕ್ಕೆ 4 ಸೆಕೆಂಡು ಹಿಂದೆ ಬೀಳಬಹುದು ಅಥವಾ 6 ಸೆಕೆಂಡು ಮುಂದೆ ಓಡಬಹುದು, ಅದಕ್ಕಿಂತ ಹೆಚ್ಚಲ್ಲ. ಕೀ ಕೊಡುವ ಯಂತ್ರಕ್ಕೆ ಇದು ಮೆಚ್ಚತಕ್ಕ ಸಾಧನೆಯೇ. ಆದರೆ ಜಾತ್ರೆಯಲ್ಲಿ ಕೊಂಡ ಸೆಲ್ ವಾಚಿನೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತ, ಅಷ್ಟು ತಪ್ಪನ್ನು ಮಾಡಲು ಹಲವು ದಿನಗಳನ್ನೇ ತೆಗೆದುಕೊಳ್ಳುತ್ತದೆ. ಇನ್ನು ಕೆಲವು ಚಮತ್ಕಾರಗಳಿಗೆ ಕೊಡುವ ಹಣವಂತೂ ಪೂರ್ತಿ ಬೆಡಗಿಗೆ ಸಲ್ಲುವಂಥದು. 1801ರಲ್ಲಿ ಬ್ರೆಗೆ ಎಂಬ ಕುಶಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ 'ಟೂರ್ಬಿಯೋನ್' ಎಂಬ ಸುತ್ತುವ ಪಂಜರ, ಜೇಬಿನಲ್ಲಿ ಸದಾ ನೆಟ್ಟಗೆ ನಿಂತಿರುತ್ತಿದ್ದ ವಾಚಿನ ಮೇಲೆ ಭೂಮಿಯ ಸೆಳೆತ ಮಾಡುವ ತಪ್ಪನ್ನು ಸರಿದೂಗಿಸಲು ಹುಟ್ಟಿದ್ದು. ದಿನವಿಡೀ ಅಲುಗಾಡುವ ಮಣಿಕಟ್ಟಿನ ಮೇಲೆ ಅದರ ಅಗತ್ಯ ಅತ್ಯಲ್ಪ. ಅಧಿಕ ವರ್ಷವನ್ನೂ ತಾನೇ ತಿಳಿದುಕೊಂಡು ತಾರೀಖು ಬದಲಿಸುವ ವಾಚುಗಳಿವೆ, ಅವುಗಳಲ್ಲಿ ಹೆಚ್ಚಿನವು 2100ರ ಫೆಬ್ರುವರಿಯಲ್ಲಿ ತಪ್ಪುತ್ತವೆ. ಅಧಿಕ ಮಾಸ ಸಮೇತ ಎಲ್ಲವನ್ನೂ ಹೇಳುವ ಒಂಟಿಕೊಪ್ಪಲ್ ಪಂಚಾಂಗ ಮೈಸೂರಿನಿಂದ ವರ್ಷವರ್ಷವೂ ಪುಡಿಗಾಸಿಗೆ ಬರುತ್ತಿದೆ.

ಸಮಯ ತಿಳಿಯುವ ಕೆಲಸಕ್ಕೆ ಈ ವಾಚುಗಳು ಬೇಕಿಲ್ಲವೆಂಬುದು ಅವುಗಳನ್ನು ತಯಾರಿಸುವವರಿಗೇ ಎಲ್ಲರಿಗಿಂತ ಮೊದಲು ತಿಳಿಯಿತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಮೇಲೆ, 1970ರಲ್ಲಿ ಸುಮಾರು 90,000 ಜನರಿಗೆ ಕೆಲಸ ಕೊಟ್ಟಿದ್ದ ಸ್ವಿಸ್ ವಾಚು ಉದ್ಯಮದಲ್ಲಿ ಎಂಬತ್ತರ ದಶಕದ ನಡುವಿಗೆ ಉಳಿದದ್ದು ಅದರ ಮೂರನೆಯ ಒಂದು ಪಾಲಿನಷ್ಟು. ಉಳಿದವರು ಮಾರತೊಡಗಿದ್ದು ಸ್ಥಾನಮಾನವನ್ನು. ಎಚ್‌ಎಂಟಿಗೆ ಆ ದಾರಿ ಇರಲಿಲ್ಲ. ಗಡಿಯಾಚೆಯ ಹೊಸೂರಿನಲ್ಲಿ ಹುಟ್ಟಿದ ಟೈಟನ್ ಕಂಪನಿಯ ಕ್ವಾರ್ಟ್ಜ್ ವಾಚುಗಳು 1987ರಲ್ಲಿ ಅಂಗಡಿಗೆ ಬಂದಾಗ, 'ಎಲ್ಲರ ವಾಚು' ಎಂಬ ಹೆಸರನ್ನೇ ಬಂಡವಾಳ ಮಾಡಿಕೊಂಡಿದ್ದ ಸಂಸ್ಥೆ ಇದ್ದಕ್ಕಿದ್ದಂತೆ 'ಕೆಲವರ ವಾಚು' ಆಗಿಬಿಡುವುದು ಸಾಧ್ಯವಿರಲಿಲ್ಲ.

ಈ ಎರಡು ದಾರಿಗಳ ಕೊನೆ ಎಲ್ಲಿಗೆ ಮುಟ್ಟಿತೆಂಬುದನ್ನು 2016ರ ಮೊದಲ ಮೂರು ತಿಂಗಳಲ್ಲೇ ಕರ್ನಾಟಕ ಕಂಡಿತು. ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಫೆಬ್ರುವರಿಯಲ್ಲಿ, ಮೈಸೂರು ಜಿಲ್ಲೆಯವರೇ ಆದ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೋ ವಾಚಿನ ಬಗ್ಗೆ ವಿರೋಧ ಪಕ್ಷಗಳು ಪ್ರಶ್ನೆಯೆತ್ತಿದವು. ಅದು ಸ್ನೇಹಿತರೊಬ್ಬರ ಕೊಡುಗೆಯೆಂದು ತಿಳಿಸಿದ ಮುಖ್ಯಮಂತ್ರಿಗಳು ಮಾರ್ಚಿನ ಆರಂಭದಲ್ಲಿ ಅದನ್ನು ವಿಧಾನಸಭೆಯ ಅಧ್ಯಕ್ಷರಾಗಿದ್ದ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿ ಸರ್ಕಾರದ ಆಸ್ತಿಯಾಗಿಸಿದರು. ರಾಜಕೀಯದ ಸರಿತಪ್ಪು ಇಲ್ಲಿಯ ವಿಷಯವಲ್ಲ. ಗಮನಿಸಬೇಕಾದದ್ದು, ಆ ವಾಚು ಎಷ್ಟು ಲಕ್ಷದ್ದು ಎಂಬುದರ ಮೇಲೆ ವಾರಗಟ್ಟಲೆ ಮಾತು ನಡೆದರೂ ಅದು ಸಮಯ ಸರಿಯಾಗಿ ತೋರಿಸುತ್ತಿತ್ತೇ ಎಂದು ಒಬ್ಬರೂ ಕೇಳಲಿಲ್ಲವೆಂಬುದು. ಸರ್ಕಾರದ ತೆರಿಗೆ ಇಲಾಖೆಯೂ ಈಗ ಇದೇ ದೃಷ್ಟಿಯನ್ನು ತಳೆದಿದೆ: 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿ ಮೀರಿದ ಕೈಗಡಿಯಾರವನ್ನು ವಿಹಾರನೌಕೆ, ಹೆಲಿಕಾಪ್ಟರುಗಳ ಸಾಲಿಗೆ ಸೇರಿಸಿ, ಮಾರುವವರೇ ಶೇ. 1ರಷ್ಟು ತೆರಿಗೆಯನ್ನು ಮುಂಗಡ ಹಿಡಿಯಬೇಕೆಂದು ವಿಧಿಸಿದೆ.

ಹೆಸರಿಗೆ ಹಣ ಕೊಡುವುದೇ ತಪ್ಪೆಂದು ಹೇಳುವುದು ಸುಲಭ, ಆದರೆ ಅದು ಪೂರ್ತಿ ಪ್ರಾಮಾಣಿಕವಾದ ಮಾತಲ್ಲ. ರೇಷ್ಮೆ ಸೀರೆಯ ಜರಿ, ಮನೆಯ ಮುಂಬಾಗಿಲಿನ ಕೆತ್ತನೆ ಇವುಗಳಲ್ಲೂ ಬೇರೆಯವರ ಕಣ್ಣಿಗೆಂದು ತೆತ್ತ ಪಾಲು ಇದ್ದೇ ಇರುತ್ತದೆ. ಹೆಸರು ಕೆಲಸ ಮಾಡಬೇಕಾದರೆ ಅದನ್ನು ಓದಬಲ್ಲವರು ಸುತ್ತ ಇರಬೇಕು ಎಂಬುದಷ್ಟೇ ಪ್ರಶ್ನೆ. ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲುಗಳನ್ನು ತರುವ ರೈತನಿಗೆ ವರ್ಷದ ಹಣ ಕೆಲವೇ ತಿಂಗಳಲ್ಲಿ ಗಂಟಾಗಿ ಬರುತ್ತದೆ, ಮತ್ತು ಗಂಟಾಗಿ ಬಂದ ಹಣ ಗಂಟಾದ ಖರ್ಚನ್ನೇ ಹುಡುಕುತ್ತದೆ. ಅದು ಚಿನ್ನವಾದರೆ ಬಿತ್ತನೆಯ ಹೊತ್ತಿಗೆ ಬ್ಯಾಂಕಿನಲ್ಲಿ ಸಾಲವಾಗಿ ಮರಳುತ್ತದೆ; ವಾಚಾದರೆ ಯಾವ ಸಹಕಾರ ಸಂಘವೂ ಅದರ ಮೇಲೆ ಬಿಡಿಗಾಸು ಕೊಡುವುದಿಲ್ಲ. ಕೆಲವು ಸ್ವಿಸ್ ವಾಚುಗಳು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತವೆಂಬುದು ನಿಜ, ಆದರೆ 2022ರ ಆರಂಭದಲ್ಲಿ ಶಿಖರ ಮುಟ್ಟಿದ ಆ ಹಳೆಯ ವಾಚುಗಳ ಪೇಟೆ ಆಮೇಲೆ ಜಾರಿತು. ಮೇಲಾಗಿ ಆ ಪೇಟೆ ಇರುವುದು ದುಬೈ, ಹಾಂಗ್‌ಕಾಂಗ್‌ಗಳಲ್ಲಿ, ಪಿರಿಯಾಪಟ್ಟಣದ ಸಂತೆಯಲ್ಲಲ್ಲ. ಸಮಯದ ಲೆಕ್ಕವೂ ಇಲ್ಲಿ ಬೇರೆಯೇ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನೊಳಗೆ ಎಲೆ ಹದವಾಗಲು ಐದಾರು ದಿನ ಹಗಲಿರುಳೂ ಬಿಸಿ ಏರಿಸುತ್ತ ಕಾಯುವವನಿಗೂ, ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಪಂಪಿನ ಬಳಿ ಇರಬೇಕಾದವನಿಗೂ, ಡೇರಿಗೆ ಹಾಲು ಹಾಕುವವಳಿಗೂ ಗಂಟೆ ಕಾಲು ಗಂಟೆಗಳು ಮುಖ್ಯ, ಸೆಕೆಂಡುಗಳಲ್ಲ. ಅಷ್ಟನ್ನು ಜೇಬಿನ ಮೊಬೈಲು ಹೇಳುತ್ತದೆ.

ದುಬಾರಿ ವಾಚಿನ ಪರವಾಗಿ ಹೇಳುವ ಮಾತುಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಅದು ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತದೆ ಎಂಬುದು. ಉಳಿಯಬಲ್ಲದು ನಿಜ, ತೆರೆದು ತೊಳೆದು ಎಣ್ಣೆ ಹಾಕುವವರು ಇದ್ದರೆ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ರಿಪೇರಿಯವನ ದಿನದ ಸಂಪಾದನೆ ಈಗ ಬಹುಮಟ್ಟಿಗೆ ಸೆಲ್ ಮತ್ತು ಬೆಲ್ಟು ಬದಲಿಸುವುದರಿಂದ ಬರುತ್ತದೆ; ಆದರೂ ಅವನು ಜನತಾ ವಾಚಿನ ಬೆನ್ನನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಚಕ್ರಗಳನ್ನು ಪೆಟ್ರೋಲಿನಲ್ಲಿ ಅದ್ದಿ, ಮುರಿದ ಬ್ಯಾಲೆನ್ಸಿಗೆ ಬದಲಾಗಿ ಡ್ರಾಯರಿನಲ್ಲಿರುವ ಕೆಟ್ಟ ವಾಚೊಂದರಿಂದ ಇನ್ನೊಂದನ್ನು ಹೆಕ್ಕಿ ಕೂರಿಸಬಲ್ಲ. ತಯಾರಿಸಿದ ಕಂಪನಿ ಮುಚ್ಚಿದ ಮೇಲೂ ಆ ವಾಚು ನಡೆಯುವುದು ಹೀಗೆ. ಕಂಪನಿ ಜೀವಂತವಿರುವ ಸ್ವಿಸ್ ವಾಚಿಗೆ ಈ ಅನುಕೂಲವಿಲ್ಲ: ಅನೇಕ ದೊಡ್ಡ ಕಂಪನಿಗಳು ತಮ್ಮ ಬಿಡಿಭಾಗಗಳನ್ನು ಹೊರಗಿನ ರಿಪೇರಿಯವರಿಗೆ ಮಾರುವುದಿಲ್ಲವಾದ್ದರಿಂದ, ಅದು ಐದು ಹತ್ತು ವರ್ಷಕ್ಕೊಮ್ಮೆ ಬೆಂಗಳೂರಿಗೋ ಅದರಾಚೆಗೋ ಹೋಗಿ, ಹತ್ತಾರು ಸಾವಿರ ರೂಪಾಯಿ ತಿಂದು, ವಾರಗಳ ನಂತರ ಮರಳಬೇಕು. ಮೊಮ್ಮಗನಿಗೆ ವಾಚಿನ ಜೊತೆಗೆ ಈ ಖರ್ಚೂ ಬಳುವಳಿಯಾಗಿ ಬರುತ್ತದೆ. ಭಾರತ ಮತ್ತು ಸ್ವಿಟ್ಜರ್ಲೆಂಡ್ ಒಳಗೊಂಡ, 2024ರಲ್ಲಿ ಸಹಿಯಾಗಿ 2025ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಂತೆ ಸ್ವಿಸ್ ವಾಚುಗಳ ಮೇಲಿನ ಆಮದು ಸುಂಕ ಏಳು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಲಿದ್ದು, ಮೈಸೂರಿನ ದೊಡ್ಡ ಅಂಗಡಿಗಳಲ್ಲಿ ಅವುಗಳ ಬೆಲೆ ಕೊಂಚ ಕಡಿಮೆಯಾದೀತು. ಬಸ್ ನಿಲ್ದಾಣದ ರಿಪೇರಿಯವನಿಗೆ ಬಿಡಿಭಾಗ ಕೊಡಬೇಕೆಂಬ ಷರತ್ತು ಮಾತ್ರ ಆ ಇಳಿಕೆಯ ಜೊತೆಗೆ ಬರುವುದಿಲ್ಲ. ಹುಣಸೂರಿನಲ್ಲಿ ಕೊಂಡವನ ವಾಚು ನಿಂತರೆ ಬಸ್ಸು ಹತ್ತಲೇಬೇಕು.