ಸೂರ್ಯನ ಸುತ್ತ ಬೀಳೋದು ಪ್ರಭಾವಳಿ ಅಲ್ಲ, ಕಣ

ಸೂರ್ಯನ ಸುತ್ತ ಬಳೆ ಕಂಡ ದಿನ ನಮ್ಮ ರೈತರ ಗುಂಪುಗಳಲ್ಲಿ ಎರಡೇ ಥರದ ಮೆಸೇಜು. "ಪವಾಡ, ಹತ್ತು ಜನಕ್ಕೆ ಕಳಿಸಿ" ಅನ್ನೋದೊಂದು, "ಊರಿಗೆ ಕೇಡು, ಶಾಂತಿ ಮಾಡಿಸಿ" ಅನ್ನೋದೊಂದು. 2021ರ ಮೇ 24ಕ್ಕೆ ಬೆಂಗಳೂರಿನ ಮೇಲೆ ಬಳೆ ಬಿದ್ದಾಗ್ಲೂ ಫೋಟೋ ಎಲ್ಲಾ ಕಡೆ ಓಡಾಡಿತ್ತು.

ಇದಕ್ಕೆ ಕುಮ್ಮಕ್ಕು ಕೊಡೋದು ಹೆಸರೇ. 'ಪ್ರಭಾವಳಿ' ಅಂತ ಬರೀತಾರೆ. ಅದು ದೇವರ ವಿಗ್ರಹದ ಹಿಂದಿನ ಕಮಾನು. ಆ ಹೆಸರಿಟ್ಟ ಮೇಲೆ ಜನ ಕೈ ಮುಗೀದೆ ಇನ್ನೇನು ಮಾಡ್ತಾರೆ?

ಇಂಗ್ಲಿಷಿನ 'ಹಾಲೋ' ಎಲ್ಲಿಂದ ಬಂತು ನೋಡಿ. ಗ್ರೀಕರ 'ಹಲೋಸ್'ನಿಂದ. ಹಂಗಂದ್ರೆ ಒಕ್ಕಣೆ ಕಣ! ಎತ್ತು ಸುತ್ತಿ ತುಳಿಯೋ ದುಂಡನೆ ಕಣ. ಸಂತರ ತಲೆ ಹಿಂದಿನ ಬೆಳಕಿಗೆ ಆ ಹೆಸರು ಹತ್ತಿದ್ದು ಆಮೇಲೆ. ಪಕ್ಕದ ಮರಾಠಿಯಲ್ಲೂ 'ಖಳೆ' ಅಂದ್ರೆ ಕಣವೂ ಹೌದು, ಚಂದ್ರನ ಸುತ್ತಿನ ಬಳೆಯೂ ಹೌದು. ಎರಡೂ ಕಡೆ ಹೆಸರು ಬಂದಿದ್ದು ಬೇಸಾಯದಿಂದ, ಗುಡಿಯಿಂದಲ್ಲ.

"ನಮ್ಮ ಶಾಸ್ತ್ರದಲ್ಲೇ ಇದೆ" ಅನ್ನೋರಿಗೂ ಒಂದು ಮಾತು. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ 'ಪರಿವೇಷ'ಕ್ಕೆ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಶಕುನ ಹೇಳ್ತಾನೆ, ನಿಜ. ಆದ್ರೆ ಶುರುವಿನಲ್ಲೇ ಅದು ತೆಳುಮೋಡದ ಆಕಾಶದಲ್ಲಿ ಸೂರ್ಯ ಚಂದ್ರರ ಕಿರಣ ದುಂಡಾಗೋದು ಅಂತಾನೆ. ಆ ಸಾಲನ್ನ ಯಾಕೆ ಫಾರ್ವರ್ಡ್ ಮಾಡಲ್ಲ?

ಆಗೋದಿಷ್ಟೇ. ಬಹಳ ಎತ್ತರದ ತೆಳುಮೋಡದಲ್ಲಿ ಆರು ಮೂಲೆಯ ಮಂಜಿನ ಹರಳು ಇರ್ತವೆ. ಬೆಳಕು ಅದರೊಳಗೆ ಹೊಕ್ಕು ಹೊರಬರುವಾಗ ಸುಮಾರು 22 ಡಿಗ್ರಿ ಬಾಗ್ತದೆ. ಅದಕ್ಕೇ ಈ ಬಳೆ ಯಾವಾಗ್ಲೂ ಒಂದೇ ಅಳತೆ, ಒಳಅಂಚು ಕೆಂಪು. ಕೈ ಚಾಚಿ ಬೆರಳಗಲಿಸಿ ಹಿಡಿದ್ರೆ ನಡುವಿನಿಂದ ಅಂಚಿಗೆ ಹೆಚ್ಚೂಕಮ್ಮಿ ಒಂದು ಗೇಣು. ಸೂರ್ಯನನ್ನ ಮಾತ್ರ ಬರಿಗಣ್ಣಲ್ಲಿ ನೋಡಬೇಡಿ, ಹೆಬ್ಬೆರಳಲ್ಲಿ ಮರೆ ಮಾಡ್ಕೊಳ್ಳಿ.

"ಬಳೆ ದೂರ ಇದ್ರೆ ಮಳೆ ಹತ್ರ" ಅನ್ನೋರೂ ಇದ್ದಾರೆ. ಅಳತೆ ಒಂದೇ ಆದ್ಮೇಲೆ ದೂರ ಹತ್ರ ಎಲ್ಲಿಂದ ಬಂತು? ಚಂದ್ರನಿಗೆ ಅಂಟಿದಂಗೆ ಕಾಣೋ ಸಣ್ಣ ಬಳೆ ನೀರಹನಿ ಮೋಡದ್ದು, ಅದೇ ಬೇರೆ. ಎತ್ತರದ ತೆಳುಮೋಡದ ಹಿಂದೆ ಒಮ್ಮೊಮ್ಮೆ ಮಳೆ ಬರ್ತದೆ, ಒಮ್ಮೊಮ್ಮೆ ಬರಲ್ಲ. ಬಳೆ ನಂಬ್ಕೊಂಡು ಬಿತ್ತನೆ ಮುಂದಕ್ಕೆ ಹಾಕಿದ್ರೆ, ಒಕ್ಕಿದ ರಾಗಿ ಮೇಲೆ ಟಾರ್ಪಾಲು ಹೊದಿಸದೆ ಬಿಟ್ರೆ, ನಷ್ಟ ಫಾರ್ವರ್ಡ್ ಮಾಡಿದೋರಿಗಲ್ಲ, ನಮಗೆ. ಹವಾಮಾನ ಇಲಾಖೆ ಮುನ್ಸೂಚನೆ ನೋಡಿ ತೀರ್ಮಾನ ಮಾಡಿ.

ನನ್ನ ಕೇಳಿದ್ರೆ ಇನ್ಮೇಲೆ 'ಸೂರ್ಯನ ಕಣ' ಅನ್ನೋಣ. ನಡುವೆ ಸೂರ್ಯನೇ ಮೇಟಿ, ಸುತ್ತ ಕಣದ ಅಂಚು. ಕಣಕ್ಕೆ ಹೆದರೋ ರೈತ ಯಾರಾದ್ರೂ ಇದ್ದಾನಾ?